ಡಬ್ಬಿಯ ಮೇಲಿನ 260 ಡಿಗ್ರಿ: ಗೋಣಿಕೊಪ್ಪಲಿನಲ್ಲಿ ಕೂತು ಕ್ಯಾಪ್ಟನ್ ಟೇಪು ಹುಡುಕಿದ ಅನುಭವ

ಡಿಸೆಂಬರ್ ಕೊನೆಯ ವಾರ. ಕಾಫಿ ಕೊಯ್ಲಿನ ಗಡಿಬಿಡಿ. ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರು ಕಾಫಿಯ ತೇವಾಂಶ ನೋಡುವ ಮೀಟರ್ ತಂದು ನನ್ನ ಮೇಜಿನ ಮೇಲಿಟ್ಟರು. ಮನೆಯಲ್ಲಿ ಯಾರೋ ಅದಕ್ಕೆ ಬೇರೆ ಯಾವುದೋ ಅಡಾಪ್ಟರ್ ಚುಚ್ಚಿದ್ದರು. ಬಿಚ್ಚಿ ನೋಡಿದರೆ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಚಿಪ್ಪಿನ ತಲೆಯ ಮೇಲೆ ಸಣ್ಣ ತೂತು. ಹಾಟ್ ಏರ್ ಗನ್ನಿನ ಬಿಸಿ ಗಾಳಿಯಿಂದ ಸೋಲ್ಡರ್ (ಬೆಸುಗೆ) ಕರಗಿಸಿ ಚಿಪ್ ಎಬ್ಬಿಸಿ, ಬೇರೆಯದು ಕೂರಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಆದರೆ ಪಕ್ಕದಲ್ಲೇ ಡಿಸ್‌ಪ್ಲೇ ರಿಬ್ಬನ್ ಸಿಕ್ಕಿಸುವ ಬಿಳಿ ಪ್ಲಾಸ್ಟಿಕ್ ಸಾಕೆಟ್ ಇತ್ತು. ಅದಕ್ಕೆ ಬಿಸಿ ತಾಗಬಾರದು. ಬಿಸಿ ತಡೆಯುವ ಕ್ಯಾಪ್ಟನ್ ಟೇಪು ಎಂದು ಆನ್‌ಲೈನಿನಲ್ಲಿ ತರಿಸಿದ ಹೊಸ ರೋಲು ಕೈಯಲ್ಲೇ ಇತ್ತು. ಜೇನಿನ ಬಣ್ಣ. ಡಬ್ಬಿಯ ಮೇಲೆ 'ಹೀಟ್ ರೆಸಿಸ್ಟೆಂಟ್, 300 ಡಿಗ್ರಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎರಡು ಪದರ ಅಂಟಿಸಿ ಧೈರ್ಯವಾಗಿ ಗಾಳಿ ಬಿಟ್ಟೆ.

ಅರ್ಧ ನಿಮಿಷವೂ ಆಗಿರಲಿಲ್ಲ. ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಟೇಪು ಮುದುಡಿ ಸುರುಳಿಯಾಯಿತು. ಗನ್ ಹಿಂದೆ ಎಳೆಯುವಷ್ಟರಲ್ಲಿ ಸಾಕೆಟ್ಟಿನ ಒಂದು ಬದಿ ಮೇಣದಂತೆ ಬಾಗಿತ್ತು. ಕರಗಿದ ಟೇಪು ಅದರ ಪಿನ್ನುಗಳ ನಡುವೆ ಇಳಿದಿತ್ತು. ಹಳೆಯ ಬೋರ್ಡುಗಳ ರಾಶಿಯಲ್ಲಿ ಅದೇ ಅಳತೆಯ ಸಾಕೆಟ್ ಹುಡುಕಿ ಹಾಕಲು ಎರಡು ದಿನ ಬೇಕಾಯಿತು. ಅಷ್ಟು ದಿನ ಅವರು ಪಕ್ಕದ ತೋಟದವರ ಮೀಟರ್ ಸಾಲ ಪಡೆದು ಕಣದಲ್ಲಿ ಕೆಲಸ ಮಾಡಿಸಿದರು. ದುಡ್ಡು ತೆಗೆದುಕೊಳ್ಳಲು ನನಗೆ ಮುಖ ಇರಲಿಲ್ಲ.

ಕೊಡಗಿನ ಗೋಣಿಕೊಪ್ಪಲಿನಲ್ಲಿ ನನ್ನದು ಚಿಕ್ಕ ರಿಪೇರಿ ಅಂಗಡಿ. ಇನ್ವರ್ಟರ್, ಸೆಟ್ ಟಾಪ್ ಬಾಕ್ಸ್, ಸ್ಪ್ರಿಂಕ್ಲರ್ ಮೋಟಾರಿನ ಸ್ಟಾರ್ಟರ್ ಬೋರ್ಡು, ಸೋಲಾರ್ ಬೇಲಿಗೆ ಶಾಕ್ ಕೊಡುವ ಎನರ್ಜೈಸರ್, ಹೀಗೆ ತೋಟದ ಮನೆಗಳಲ್ಲಿ ಕೆಡುವುದೆಲ್ಲ ಇಲ್ಲಿಗೆ ಬರುತ್ತದೆ. ಏಪ್ರಿಲ್, ಮೇನಲ್ಲಿ ಸಿಡಿಲು ಶುರುವಾದರೆ ಮೋಡೆಮ್‌ಗಳ ಮೆರವಣಿಗೆ. ಮೊದಲು ಬರೀ ಸೋಲ್ಡರಿಂಗ್ ಐರನ್ ಹಿಡಿದು ಕೆಲಸ ನಡೆಯುತ್ತಿತ್ತು, ಟೇಪಿನ ಚಿಂತೆಯೇ ಇರಲಿಲ್ಲ. ಹಾಟ್ ಏರ್ ಸ್ಟೇಷನ್ ಬಂದ ಮೇಲೆ ತಲೆನೋವು ಶುರು. ಗಾಳಿಗೆ ಕಣ್ಣಿಲ್ಲ ನೋಡಿ. ಬೇಕಾದ ಚಿಪ್ಪಿನ ಜೊತೆ ಸುತ್ತಲಿನ ಸಾಸಿವೆಗಿಂತ ಸಣ್ಣ ಕೆಪಾಸಿಟರ್‌ಗಳನ್ನೂ ಹಾರಿಸುತ್ತದೆ.

ಶುರುವಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ ನೋಡಿದೆ. ಕರೆಂಟಿನವರ ಕಪ್ಪು ಇನ್ಸುಲೇಷನ್ ಟೇಪು ಪಿವಿಸಿ. ಅದು 80 ಡಿಗ್ರಿಯ ಮೇಲೆಯೇ ಮೆತ್ತಗಾಗಿ ಅಂಟು ಬಿಡುತ್ತದೆ, ಜೊತೆಗೆ ಕೆಟ್ಟ ಹೊಗೆ. ಪೇಂಟಿನವರ ಕಾಗದದ ಮಾಸ್ಕಿಂಗ್ ಟೇಪು ಸ್ವಲ್ಪ ಹೊತ್ತು ತಡೆದು ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಯಿತು. ಅದರ ಅಂಟು ಬೋರ್ಡಿನ ಮೇಲೆ ಹಲಸಿನ ಮೇಣದ ಹಾಗೆ ಕೂತಿತು. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು ಬಿಸಿ ತಡೆಯುತ್ತದೆ, ನಿಜ. ಆದರೆ ಅದಕ್ಕೆ ಅಂಟೇ ಇಲ್ಲ. ಗಾಳಿ ಬಿಟ್ಟ ಕೂಡಲೇ ಹಾರಿ ಹೋಯಿತು. ಮೇಲಾಗಿ ಟೆಫ್ಲಾನ್ ಅತಿಯಾಗಿ ಕಾದರೆ ಬರುವ ಹೊಗೆ ಪಂಜರದ ಹಕ್ಕಿಗಳನ್ನು ಕೊಲ್ಲುವಷ್ಟು ಕೆಟ್ಟದ್ದು. ನನ್ನ ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ಗಿಳಿ. ಆ ಪ್ರಯೋಗ ಅಲ್ಲಿಗೇ ನಿಲ್ಲಿಸಿದೆ.

ಮೀಟರ್ ಕರಗಿದ ಮೇಲೆ ಊರಲ್ಲೇ ಅಸಲಿ ಮಾಲು ಸಿಗುತ್ತದಾ ಎಂದು ಕೇಳಿಕೊಂಡು ಹೊರಟೆ. ಹಾರ್ಡ್‌ವೇರ್ ಅಂಗಡಿಯಲ್ಲಿ "ಕ್ಯಾಪ್ಟನ್ ಟೇಪು ಇದೆಯಾ?" ಎಂದರೆ ಗಲ್ಲಾದಲ್ಲಿದ್ದವರು ತಲೆ ಎತ್ತಿ "ಯಾವ ಕ್ಯಾಪ್ಟನ್? ತಿತಿಮತಿಯವರಾ?" ಎಂದರು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ನಮ್ಮಲ್ಲಿ ಕ್ಯಾಪ್ಟನ್ ಎಂದರೆ ಮಿಲಿಟರಿಯಿಂದ ನಿವೃತ್ತರಾಗಿ ತೋಟ ನೋಡಿಕೊಳ್ಳುವವರು. 'ಕ್ಯಾಪ್ಟನ್' ಎನ್ನುವುದು ಡ್ಯುಪಾಂಟ್ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು ಎಂದು ವಿವರಿಸಿದೆ. ಅವರು ಒಳಗಿನಿಂದ ಹಳದಿ ಟೇಪೊಂದು ತಂದುಕೊಟ್ಟರು. ಅದು ಟ್ರಾನ್ಸ್‌ಫಾರ್ಮರ್ ಸುತ್ತುವ ಪಾಲಿಯೆಸ್ಟರ್ ಟೇಪು. ಸಾಮಾನ್ಯವಾಗಿ 130 ಡಿಗ್ರಿಯ ದರ್ಜೆಯದು. ಚಾರ್ಜರ್ ಒಳಗೆ ಸುಂದರವಾಗಿ ಕೆಲಸ ಮಾಡುತ್ತದೆ, ಹಾಟ್ ಏರ್ ಮುಂದೆ ನಿಲ್ಲುವುದಿಲ್ಲ. ಹಳದಿ ಎಂದ ಕೂಡಲೇ ಕ್ಯಾಪ್ಟನ್ ಎಂದುಕೊಳ್ಳುವವರು ನಮ್ಮ ರಿಪೇರಿಯವರಲ್ಲೂ ಜಾಸ್ತಿ ಇದ್ದಾರೆ.

ಅಸಲಿ ವಸ್ತುವಿನ ಹೆಸರು ಪಾಲಿಇಮೈಡ್. ಕ್ಯಾಪ್ಟನ್ ಎನ್ನುವುದು ಆ ಜಾತಿಯ ಹಾಳೆಗೆ ಒಂದು ಕಂಪನಿ ಇಟ್ಟ ಹೆಸರು. ಫೋಟೋಕಾಪಿಗೆ ಝೆರಾಕ್ಸ್ ಎನ್ನುತ್ತೇವಲ್ಲ, ಹಾಗೆ ಎಲ್ಲ ಕಂಪನಿಯದಕ್ಕೂ ಅದೇ ಹೆಸರು ನಿಂತಿದೆ. ಈ ಹಾಳೆಯ ವಿಶೇಷ ಏನೆಂದರೆ ಇದು ಕರಗುವುದೇ ಇಲ್ಲ. ತೀರಾ ಕಾಯಿಸಿದರೆ ಕರಿ ಹಿಡಿಯುತ್ತದೆ, ಅಷ್ಟೆ. ಬರೀ ಹಾಳೆ 400 ಡಿಗ್ರಿ ಹತ್ತಿರದ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಹಾಗಾದರೆ ಒಳ್ಳೆಯ ಕಂಪನಿಗಳು 260 ಡಿಗ್ರಿ ಎಂದೇ ಯಾಕೆ ಬರೆಯುತ್ತವೆ? ಹಿಂದಿರುವ ಸಿಲಿಕೋನ್ ಅಂಟು ಅಲ್ಲಿಗೆ ಸುಸ್ತಾಗುತ್ತದೆ. 300, 350 ಎಂದು ಬರೆದ ಡಬ್ಬಿ ಕಂಡರೆ ನನಗೆ ಈಗ ನಂಬಿಕೆಗಿಂತ ಅನುಮಾನವೇ ಮೊದಲು ಬರುತ್ತದೆ. ಹಾಳೆಯ ಲೆಕ್ಕ ಹೇಳಿ ಅಂಟಿನ ಲೆಕ್ಕ ಮುಚ್ಚಿಟ್ಟಿರಬಹುದು. ಇಲ್ಲವೇ ನನ್ನ ಮೊದಲ ರೋಲಿನ ಹಾಗೆ ಒಳಗೆ ಪಾಲಿಇಮೈಡೇ ಇಲ್ಲದಿರಬಹುದು.

ನನಗೆ ಬಂದಿದ್ದು ಬಣ್ಣ ಹಾಕಿದ ಪಾಲಿಯೆಸ್ಟರ್. ಗೊತ್ತಾಗಿದ್ದು ಲೈಟರ್ ಹಿಡಿದಾಗ. ಎರಡು ಇಂಚು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಉರಿ ತೋರಿಸಿದೆ. ಮುದುಡಿತು, ತೊಟ್ಟಿಕ್ಕಿತು, ಉರಿ ತೆಗೆದರೂ ಉರಿಯುತ್ತಲೇ ಇತ್ತು. ಆಮೇಲೆ ಒಂದು ಕೆಟ್ಟ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ, ಒಳಗೆ ಕಂಪನಿಯವರೇ ಅಂಟಿಸಿದ್ದ ತುಂಡು ಕಿತ್ತು ಅದನ್ನೂ ಹಿಡಿದೆ. ಕಪ್ಪಾಯಿತು. ಒಂದು ಹನಿ ಕೂಡ ಬೀಳಲಿಲ್ಲ. ಉರಿ ತೆಗೆದ ಕೂಡಲೇ ಆರಿತು. ಇಷ್ಟೇ ಪರೀಕ್ಷೆ. ಒಂದು ವಿಷಯ, ಇದನ್ನು ಅಂಗಡಿಯ ಹೊರಗೆ ಮಾಡಿ. ಥಿನ್ನರ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಮಾಡಬೇಡಿ. ನಾನು ಮಾಡಿದ್ದೆ, ಹೆಂಡತಿ ನೋಡಿದಳು, ಆ ಕತೆ ಇಲ್ಲಿ ಬೇಡ.

ಜನವರಿಯಲ್ಲಿ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವುದಿತ್ತು. ರಾತ್ರಿ ಬಸ್ಸು ಹತ್ತಿ ಹುಣಸೂರು, ಮೈಸೂರು ದಾಟಿ ಬೆಳಿಗ್ಗೆ ಇಳಿದೆ. ಅಂಗಡಿಗಳು ತೆರೆಯುವ ಹೊತ್ತಿಗೆ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಎಸ್‌ಪಿ ರೋಡಿನಲ್ಲಿದ್ದೆ. ಸದರ್ ಪತ್ರಪ್ಪ ರಸ್ತೆ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಎಸ್‌ಪಿ ರೋಡು ಎಂದರೆ ಆಟೋದವರಿಗೂ ಗೊತ್ತು. ಮೊದಲನೇ ಅಂಗಡಿಯಲ್ಲಿ ನಾಲ್ಕು ಬಗೆ ತೋರಿಸಿದರು. ಎಲ್ಲದರ ಬಣ್ಣ ಒಂದೇ. ಜೇಬಿನಿಂದ ಲೈಟರ್ ತೆಗೆದೆ. "ಇಲ್ಲೆಲ್ಲ ಬೇಡ ಸಾರ್" ಎಂದು ಅವರು ಕೈ ಮುಗಿದರು. ಸರಿಯೇ, ಆ ಗಲ್ಲಿಯಲ್ಲಿ ಬೆಂಕಿ ಕಡ್ಡಿ ಗೀರಿದರೂ ಭಯವಾಗುತ್ತದೆ. ಎರಡನೇ ಅಂಗಡಿಯಲ್ಲಿ ಸೋಲ್ಡರಿಂಗ್ ಐರನ್ ಪ್ರದರ್ಶನಕ್ಕೆಂದು ಕಾಯುತ್ತಿತ್ತು. ಅದರ ತುದಿಗೆ ಟೇಪು ಒತ್ತಿ ನೋಡಲಾ ಎಂದು ಕೇಳಿದೆ. ಒಪ್ಪಿದರು. ಲೈಟರಿಗಿಂತ ಇದೇ ಒಳ್ಳೆಯದು ಎಂದು ಅವತ್ತು ಗೊತ್ತಾಯಿತು. ಪಾಲಿಯೆಸ್ಟರ್ ಆದರೆ ಬಿಸಿ ಮೊನೆ ತಾಗಿದ ಕೂಡಲೇ ತೂತು ಬಿದ್ದು ಅಂಚು ದಪ್ಪಗಾಗುತ್ತದೆ. ಅಸಲಿಯ ಮೇಲೆ ಮೊನೆ ಎಳೆದಾಡಿದರೂ ಹಾಳೆ ಹಾಗೇ ಇರುತ್ತದೆ. ಬೆಲೆ ಕಡಿಮೆಯ ಎರಡು ರೋಲು ಅಲ್ಲೇ ಔಟಾದವು.

ಕೈಯಲ್ಲೇ ಗೊತ್ತಾಗುವ ಇನ್ನೊಂದು ಗುರುತು ಆ ಅಂಗಡಿಯವರೇ ಹೇಳಿಕೊಟ್ಟರು. ಅಸಲಿ ಟೇಪನ್ನು ಎಳೆದರೆ ಸುಲಭಕ್ಕೆ ಹಿಗ್ಗುವುದಿಲ್ಲ, ಹರಿಯುವುದೂ ಇಲ್ಲ. ಆದರೆ ಅಂಚಿನಲ್ಲಿ ಉಗುರಿನಿಂದ ಒಂದು ಗೀರು ಹಾಕಿ ಎಳೆಯಿರಿ. ಸರ್ರನೆ ಹರಿದುಹೋಗುತ್ತದೆ. ಈಗ ಕೊಳ್ಳುವಾಗಲೆಲ್ಲ ಮೊದಲು ಉಗುರು, ಆಮೇಲೆ ಐರನ್.

ಅಲ್ಲೇ ಹಸಿರು ಟೇಪೂ ಇತ್ತು. ಪೌಡರ್ ಕೋಟಿಂಗ್ ಮಾಡುವವರು ಬಳಸುವ ಪಾಲಿಯೆಸ್ಟರ್ ಟೇಪು ಅದು. ಸಿಲಿಕೋನ್ ಅಂಟು, ಸುಮಾರು 200 ಡಿಗ್ರಿ ತನಕ ತಡೆಯುತ್ತದೆ. ಬೆಲೆ ಕಡಿಮೆ, ಆಸೆಯಾಯಿತು. ಆದರೆ ಲೆಕ್ಕ ಹಾಕಿ. ತವರ 63, ಸೀಸ 37 ಪಾಲಿನ ಸೋಲ್ಡರ್ ಕರಗುವುದು 183 ಡಿಗ್ರಿಗೆ. ಈಗಿನ ಬೋರ್ಡುಗಳ ಸೀಸವಿಲ್ಲದ ಸೋಲ್ಡರಿಗೆ 217 ದಾಟಬೇಕು. ಅಂದರೆ ನನ್ನ ಕೆಲಸ ಶುರುವಾಗುವ ಜಾಗದಲ್ಲಿ ಹಸಿರು ಟೇಪಿನ ಕೆಲಸ ಮುಗಿದಿರುತ್ತದೆ. ಐರನ್ ಕೆಲಸಕ್ಕೆ, ಬೋರ್ಡಿನ ದೂರದ ಮೂಲೆ ಮುಚ್ಚುವುದಕ್ಕೆ ಪರವಾಗಿಲ್ಲ. ಒಂದು ರೋಲು ತಂದೆ, ಅದು ಇನ್ನೂ ಮುಗಿದಿಲ್ಲ.

ಅಗಲದ ವಿಷಯದಲ್ಲಿ ಮಾತ್ರ ನಾನು ದಡ್ಡತನ ಮಾಡಿದೆ. ಅಗಲದ್ದು ತಂದರೆ ಬೇಕಾದಷ್ಟು ಕತ್ತರಿಸಿಕೊಳ್ಳಬಹುದು ಎಂದು 50 ಮಿಲಿಮೀಟರಿನ ದೊಡ್ಡ ರೋಲು ಕೊಂಡೆ. ಸಣ್ಣ ಚಿಪ್ಪಿನ ಸುತ್ತ ಕೆಲಸ ಮಾಡುವಾಗ ಅದನ್ನು ಬ್ಲೇಡಿನಲ್ಲಿ ಸೀಳುವುದು ರಗಳೆ. ಹೇಳಿದೆನಲ್ಲ, ಅಂಚಿಗೆ ಗೀರು ಬಿದ್ದರೆ ಸಾಕು, ಅಡ್ಡಾದಿಡ್ಡಿ ಹರಿಯುತ್ತದೆ. ಮುಂದಿನ ಸಲ 10 ಮಿಲಿಮೀಟರಿನದು ತಂದೆ. 33 ಮೀಟರ್ ಉದ್ದದ ರೋಲು, ಕೊಟ್ಟಿದ್ದು ನೂರು ಚಿಲ್ಲರೆ. ಈಗ ಹತ್ತರಲ್ಲಿ ಎಂಟು ಕೆಲಸ ಅದರಲ್ಲೇ ನಡೆಯುತ್ತದೆ. ದಪ್ಪದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಾಳೆ 25 ಮೈಕ್ರಾನ್, ಅಂಟು ಸೇರಿ 60ರಿಂದ 70 ಮೈಕ್ರಾನ್ ಇದ್ದರೆ ರಿಪೇರಿಗೆ ಸಾಕು.

ಅಸಲಿ ಟೇಪು ಸಿಕ್ಕಿತು, ಇನ್ನೇನು ತೊಂದರೆ ಎಂದುಕೊಂಡೆ. ಫೆಬ್ರವರಿಯಲ್ಲಿ ಮತ್ತೆ ಒಂದು ಸಾಕೆಟ್ ಕರಗಿತು.

ಈ ಸಲ ಟೇಪು ಮುದುಡಲಿಲ್ಲ. ಅಂಟಿಸಿದ ಹಾಗೇ, ಮದುವೆ ಮನೆಯ ಚಪ್ಪರದಂತೆ ನೇರವಾಗಿ ನಿಂತಿತ್ತು. ಅದರ ಕೆಳಗಿನ ಪ್ಲಾಸ್ಟಿಕ್ ಮಾತ್ರ ಕುಸಿದಿತ್ತು. ಎಷ್ಟೋ ಹೊತ್ತು ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಡಬ್ಬಿಯ ಮೇಲಿನ 260 ಟೇಪಿನದು. ಕೆಳಗಿರುವ ಸಾಕೆಟ್ಟಿಗೆ ಅದು ಯಾವ ಮಾತನ್ನೂ ಕೊಟ್ಟಿಲ್ಲ. ಕೂದಲಿನಷ್ಟು ತೆಳುವಾದ ಹಾಳೆ ಬಿಸಿಯನ್ನು ತಡೆಯುವುದಾದರೂ ಹೇಗೆ? ಅದು ತಾನು ಸುಡುವುದಿಲ್ಲ, ಅಷ್ಟೆ. ಬಿಸಿ ಆರಾಮಾಗಿ ದಾಟಿ ಹೋಗುತ್ತದೆ.

ಸುಮ್ನೆ ಊಹೆ ಬೇಡ ಎಂದು ಅಳೆದೇ ನೋಡಿದೆ. ಮಲ್ಟಿಮೀಟರ್ ಜೊತೆ ಬರುವ, ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ ತಂತಿ ಇದೆಯಲ್ಲ, ಅದನ್ನು ಗುಜರಿ ಬೋರ್ಡಿನ ಮೇಲೆ ಇಟ್ಟು, ಟೇಪು ಹಾಕದೆ ಒಮ್ಮೆ, ಹಾಕಿ ಒಮ್ಮೆ ಅದೇ ದೂರದಿಂದ ಗಾಳಿ ಬಿಟ್ಟೆ. ಒಂದು ಪದರಕ್ಕೆ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ನಾಲ್ಕು ಪದರಕ್ಕೆ ಬಿಸಿಯೇರುವುದು ಸ್ವಲ್ಪ ನಿಧಾನವಾಯಿತು. ಆಮೇಲೆ ಕ್ಯಾಪ್ಟನ್ ಮೇಲೆ ಅಲ್ಯೂಮಿನಿಯಂ ಟೇಪಿನ ಒಂದು ಪದರ ಹಾಕಿದೆ, ಫ್ರಿಜ್ ರಿಪೇರಿಯವರ ಹತ್ತಿರ ಇರುತ್ತದಲ್ಲ ಅದೇ. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂತು. ಲೋಹ ಒಂದು ಕಡೆ ಬಿಸಿಯನ್ನು ವಾಪಸ್ ಎಸೆಯುತ್ತದೆ, ಇನ್ನೊಂದು ಕಡೆ ಒಂದೇ ಜಾಗಕ್ಕೆ ಬಿದ್ದ ಬಿಸಿಯನ್ನು ಅಗಲಕ್ಕೆ ಹರಡುತ್ತದೆ. 2021ರ ಡಿಸೆಂಬರಿನಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕದ ಐದು ಪದರದ ಬಿಸಿಲುಕೊಡೆಯೂ ಕ್ಯಾಪ್ಟನ್ ಹಾಳೆಯದೇ. ಅಲ್ಲೂ ಮೇಲೆ ಅಲ್ಯೂಮಿನಿಯಂ ಲೇಪ ಇದೆ. ಗೋಣಿಕೊಪ್ಪಲಿನಲ್ಲಿ ಕೂತು ಅದನ್ನು ನಾನೇ ಕಂಡುಹಿಡಿದೆ ಎಂದು ಎರಡು ದಿನ ಮೆರೆದಿದ್ದೆ, ಹೋಗಲಿ.

ಹಾಗಾಗಿ ಈಗ ನನ್ನ ಕ್ರಮ ಹೀಗಿದೆ. ಸಣ್ಣ ಬಿಡಿಭಾಗಗಳು ಹಾರದಂತೆ, ಸೋಲ್ಡರ್ ಸಿಡಿಯದಂತೆ ಕಾಯಲು ಕ್ಯಾಪ್ಟನ್ ಒಂದೇ ಸಾಕು. ಪ್ಲಾಸ್ಟಿಕ್ ಉಳಿಯಬೇಕಾದರೆ ಕೆಳಗೆ ಕ್ಯಾಪ್ಟನ್, ಮೇಲೆ ಅಲ್ಯೂಮಿನಿಯಂ. ಕೆಳಗೆ ಕ್ಯಾಪ್ಟನ್ ಇರಲೇಬೇಕು, ಇಲ್ಲದಿದ್ದರೆ ಲೋಹದ ಟೇಪು ಪಿನ್ನುಗಳನ್ನೆಲ್ಲ ಶಾರ್ಟ್ ಮಾಡುತ್ತದೆ. ಬ್ಯಾಟರಿ, ಕರೆಂಟು ಎಲ್ಲ ತೆಗೆದೇ ಕೆಲಸ. 105 ಡಿಗ್ರಿ ಎಂದು ಬರೆದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತೀರಾ ಹತ್ತಿರವಿದ್ದರೆ ಯಾವ ಟೇಪನ್ನೂ ನಂಬುವುದಿಲ್ಲ, ಮೊದಲು ಅದನ್ನೇ ಬಿಚ್ಚಿಡುತ್ತೇನೆ. ಥರ್ಮೋಕಪಲ್ ತಂತಿಯನ್ನು ಕ್ಯಾಪ್ಟನ್ ತುಂಡಿನಿಂದಲೇ ಚಿಪ್ ಪಕ್ಕ ಅಂಟಿಸಿ, ಗನ್ನಿನ ಡಿಸ್‌ಪ್ಲೇ ಬಿಟ್ಟು ಅದನ್ನು ನೋಡುತ್ತೇನೆ. ಗನ್ 350 ಎನ್ನುವಾಗ ಬೋರ್ಡು ಇನ್ನೂ 200ರಲ್ಲಿ ಇರುತ್ತದೆ.

ಇದು ಬೇಸಿಗೆಯ ಮಾತಾಯಿತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೆಲಸ ಮಾಡಿದವರಿಗೆ ಬೇರೆಯೇ ಕತೆ ಇರುತ್ತದೆ. ಟೇಪು ಅಂಟುವುದೇ ಇಲ್ಲ. ಮೊದಲು ಟೇಪು ಹಳೆಯದಾಯಿತೇನೋ ಎಂದುಕೊಂಡೆ. ತಪ್ಪು ಟೇಪಿನದಲ್ಲ, ಬೋರ್ಡಿನದು. ಮೇಲೆ ಕಣ್ಣಿಗೆ ಕಾಣದ ತೇವ, ಜೊತೆಗೆ ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸಿನ ಹಳೆಯ ಜಿಡ್ಡು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರೆಸಿ, ಬೋರ್ಡು ಸ್ವಲ್ಪ ಬೆಚ್ಚಗೆ ಮಾಡಿ ಅಂಟಿಸಿದರೆ ಹಿಡಿಯುತ್ತದೆ. ಅಂಟಿಸಿದ ಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ಅಂಚನ್ನು ಒತ್ತಬೇಕು. ಅಂಚು ಎದ್ದಿದ್ದರೆ ಗಾಳಿ ಅದರೊಳಗೆ ನುಗ್ಗಿ ಟೇಪಿನ ಜೊತೆ ಬಿಡಿಭಾಗವನ್ನೂ ಎತ್ತಿಕೊಂಡು ಹೋಗುತ್ತದೆ.

ತೇವದ ದೊಡ್ಡ ಅಪಾಯ ಚಿಪ್ಪಿನ ಒಳಗಿದೆ. ತಿಂಗಳುಗಟ್ಟಲೆ ಮಳೆಯ ಗಾಳಿ ಕುಡಿದ ಚಿಪ್ಪಿಗೆ ಒಮ್ಮೆಲೇ ಬಿಸಿ ಕೊಟ್ಟರೆ ಒಳಗಿನ ನೀರು ಆವಿಯಾಗಿ ಚಿಪ್ ಟಪ್ಪೆಂದು ಸೀಳುತ್ತದೆ. ಪಾಪ್‌ಕಾರ್ನ್ ಎಂದೇ ಇದಕ್ಕೆ ಹೆಸರು. ಕಾರ್ಖಾನೆಯಲ್ಲಾದರೆ ಬಿಡಿ ಚಿಪ್ಪುಗಳನ್ನು 125 ಡಿಗ್ರಿಯ ಒಲೆಯಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಕನೆಕ್ಟರ್, ಕೆಪಾಸಿಟರ್ ಎಲ್ಲ ಇರುವ ಪೂರ್ತಿ ಬೋರ್ಡಿಗೆ ಅಷ್ಟು ಬಿಸಿ ಆಗದು. ನಾನು ಮರದ ಪೆಟ್ಟಿಗೆಯೊಳಗೆ ಹಳೆಯ 60 ವಾಟಿನ ಬಲ್ಬು ಹಾಕಿಕೊಂಡಿದ್ದೇನೆ. ರಾತ್ರಿ ಬೋರ್ಡು ಇಟ್ಟು, ಬೆಳಿಗ್ಗೆ ತೆಗೆದು ಕೆಲಸ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಅಜ್ಜಿ ಏನೇನೋ ಒಣಗಿಸುತ್ತಿದ್ದಳು. ಅದೇ ಲೆಕ್ಕ. ಟೇಪಿನ ರೋಲುಗಳೂ ಅದೇ ಪೆಟ್ಟಿಗೆಯ ಪಕ್ಕ, ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತವೆ. ಮೇಜಿನ ಮೇಲೆ ಬಿಟ್ಟರೆ ರೋಲಿನ ಅಂಚಿಗೆ ಧೂಳು ಮೆತ್ತಿಕೊಂಡು ಆ ಅಂಚು ಮುಂದೆ ಅಂಟುವುದೇ ಇಲ್ಲ.

ಕೀಳುವುದೂ ಒಂದು ಕೆಲಸ. ಬೋರ್ಡು ತೀರಾ ಬಿಸಿ ಇರುವಾಗ ಕೀಳಬೇಡಿ, ಕರಗಿದ ಸೋಲ್ಡರಿನ ಮೇಲೆ ತೇಲುತ್ತಿರುವ ಭಾಗಗಳು ಟೇಪಿನ ಜೊತೆಗೇ ಬರುತ್ತವೆ. ಕೈ ತಾಗಿಸಬಹುದಾದಷ್ಟು ಆರಿದ ಮೇಲೆ, ಮಡಚಿ ಹಿಂದಕ್ಕೆ, ನಿಧಾನವಾಗಿ. ಪರ್ರನೆ ಎಳೆದರೆ ಸ್ಥಿರ ವಿದ್ಯುತ್ ಹುಟ್ಟುತ್ತದೆ. ರೋಲಿನಿಂದ ಬಿಚ್ಚುವಾಗಲೂ ಅಷ್ಟೇ. ಮಳೆಗಾಲದಲ್ಲಿ ನಮಗೆ ಆ ಭಯ ಕಡಿಮೆ. ಜನವರಿಯ ಒಣ ಗಾಳಿಯಲ್ಲಿ ಮಾತ್ರ ಸೂಕ್ಷ್ಮ ಚಿಪ್ಪುಗಳ ಹತ್ತಿರ ಜಾಗ್ರತೆ ಬೇಕು. ಅಂಟು ಉಳಿದಿದ್ದರೆ ಐಪಿಎಯಲ್ಲಿ ಚೆನ್ನಾಗಿ ಉಜ್ಜಿ ತೆಗೆಯಿರಿ. ಸಿಲಿಕೋನ್ ಉಳಿದ ಜಾಗದಲ್ಲಿ ತೇವ ತಡೆಯಲು ಆಮೇಲೆ ಹಚ್ಚುವ ಕಾನ್ಫಾರ್ಮಲ್ ಕೋಟಿಂಗ್ ಹಿಡಿಯುವುದಿಲ್ಲ, ಮೀನಿನ ಕಣ್ಣಿನ ಹಾಗೆ ಬಿಟ್ಟುಕೊಳ್ಳುತ್ತದೆ. ಕೊಡಗಿನಲ್ಲಿ ಆ ಕೋಟಿಂಗ್ ಇಲ್ಲದ ಬೋರ್ಡು ಒಂದು ಮಳೆಗಾಲ ದಾಟಿದರೆ ದೊಡ್ಡದು.

ಇನ್ನೊಂದು ತಪ್ಪು ಹೇಳಿಬಿಡುತ್ತೇನೆ. ಸೋಲಾರ್ ಬೇಲಿಯ ಎನರ್ಜೈಸರ್ ಒಂದು ರಿಪೇರಿಗೆ ಬಂದಿತ್ತು. ಆನೆ ತಡೆಯುವ ಬೇಲಿ, ಸೆಕೆಂಡಿಗೊಂದರಂತೆ ಸಾವಿರಾರು ವೋಲ್ಟಿನ ಪಲ್ಸ್ ಬಿಡುತ್ತದೆ. ಕೆಪಾಸಿಟರ್ ಖಾಲಿ ಮಾಡದೆ ಇದರ ಒಳಗೆ ಬೆರಳಿಡಬಾರದು. ಔಟ್‌ಪುಟ್ ಹತ್ತಿರದ ಬೋರ್ಡು ಸ್ವಲ್ಪ ಸುಟ್ಟಿತ್ತು. ಕೆರೆದು ಸರಿಮಾಡಿ, ಮೇಲೆ ಕ್ಯಾಪ್ಟನ್ ಎರಡು ಪದರ ಅಂಟಿಸಿ ಕೊಟ್ಟೆ. ಒಂದು ಪದರವೇ ಸಾವಿರಾರು ವೋಲ್ಟ್ ತಡೆಯುತ್ತದೆ ಎಂದು ಓದಿದ್ದೆನಲ್ಲ. ಜುಲೈಯಲ್ಲಿ ವಾಪಸ್ ಬಂತು. ಟೇಪಿನ ಅಂಚಿನ ಗುಂಟ ಕಪ್ಪು ಗೆರೆ ಹರಿದಿತ್ತು. ಪಾಲಿಇಮೈಡ್ ಗಾಳಿಯ ತೇವ ಹೀರುತ್ತದೆ, ಕಿಡಿ ಬಿದ್ದ ಜಾಗ ಕರಿಯಾಗಿ ತಾನೇ ತಂತಿಯಂತಾಗುತ್ತದೆ. ವಿಮಾನಗಳ ವೈರಿಂಗಿನಲ್ಲೂ ಕ್ಯಾಪ್ಟನ್ ಸುತ್ತಿದ ತಂತಿಗಳಿಗೆ ಇದೇ ರೋಗ ಬಂದಿತ್ತು. ಆ ಬೋರ್ಡಿನಲ್ಲಿ ಸುಟ್ಟ ಜಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಗಾಳಿಯ ಅಂತರ ಬಿಟ್ಟು, ಎಪಾಕ್ಸಿ ತುಂಬಿದೆ. ಆಮೇಲೆ ತೊಂದರೆ ಬರಲಿಲ್ಲ. ಕೆಲಸ ಮಾಡುವಾಗ ಹಾಕುವ, ಮುಗಿದ ಮೇಲೆ ಕೀಳುವ ಟೇಪು ಇದು. ಹೈ ವೋಲ್ಟೇಜ್ ಮೇಲೆ ಕಾಯಂ ಆಗಿ ಬಿಡುವುದನ್ನು ಅವತ್ತಿಗೇ ಬಿಟ್ಟೆ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ ಕಡೆಯ ರಸ್ತೆಗಳು ಕಿತ್ತುಹೋದದ್ದು ನೋಡಿದ ಮೇಲೆ, ಮಳೆಗಾಲದ ಸಾಮಾನನ್ನೆಲ್ಲ ಮೇ ಮುಗಿಯುವುದರೊಳಗೆ ತರಿಸಿಕೊಳ್ಳುವುದು ಅಭ್ಯಾಸವಾಗಿದೆ. ರೈಲು ಇಲ್ಲದ ಜಿಲ್ಲೆ, ರಸ್ತೆ ನಿಂತರೆ ಎಲ್ಲವೂ ನಿಂತ ಹಾಗೆ. ಈ ವರ್ಷ 10 ಮಿಲಿಮೀಟರಿನ ರೋಲು ಆಗಲೇ ತೆಳ್ಳಗಾಗಿದೆ. ಮೇಜಿನ ಮೇಲೆ ಸಿಡಿಲು ಹೊಡೆದ ಮೋಡೆಮ್ ಹನ್ನೊಂದು ಇವೆ. ಗೆಳೆಯನೊಬ್ಬ ನಾಳೆ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಿದ್ದಾನೆ. 10ರದ್ದು ಎರಡು, 20ರದ್ದು ಒಂದು ಎಂದು ಚೀಟಿ ಬರೆದು ಕೊಟ್ಟಿದ್ದೇನೆ. ಚೀಟಿಯ ಜೊತೆ ಹಳೆಯ ರೋಲಿನ ಒಂದು ತುಂಡು ಪಿನ್ ಮಾಡಿದ್ದೇನೆ. ಉಗುರಿನ ಪರೀಕ್ಷೆ ಎರಡು ಸಲ ಮಾಡಿ ತೋರಿಸಿದ್ದೇನೆ. ಲೈಟರ್ ಮಾತ್ರ ಕೊಟ್ಟಿಲ್ಲ.